ಮಂಗಲದ ದಿನ ಓದದ ಪುಟ

ಒಳ್ಳೆಯ ಕಾದಂಬರಿಯೊಂದನ್ನು ಸಿನಿಮಾದವರು ಹೇಗೆ ಹಾಳು ಮಾಡುತ್ತಾರೆ ಎಂಬುದರ ಬಗ್ಗೆ ನಾನು ಮೂವತ್ತು ವರ್ಷ ಭಾಷಣ ಮಾಡಿದ್ದೇನೆ. ಮುಂಬಯಿಯ ಕನ್ನಡ ಸಂಘಗಳ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಕಂಡರೆ ಜನ ಆ ಹೊತ್ತಿಗೆ ಸರಿಯಾಗಿ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ಶಿವಪುತ್ರಪ್ಪ ಮಾಸ್ತರರು ಮತ್ತೆ ‘ಗುರುಬಾಯಿಯ ಹೊಸ್ತಿಲು’ ಶುರು ಮಾಡಿದರು ಎಂದು ನಗುತ್ತಿದ್ದರು. ನಗಲಿ. ಧಾರಾವಿಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವನಿಗೆ ಕೇಳದವರ ಮುಂದೆ ಮಾತಾಡುವುದು ಹೊಸದೇನಲ್ಲ.

ಆ ಕಾದಂಬರಿ ಬರೆದವರು ಪರೇಲಿನ ಗಿರಣಿಯಲ್ಲಿ ಕಾರಕೂನರಾಗಿದ್ದರು. ಒಂದೇ ಒಂದು ಪುಸ್ತಕ ಬರೆದು ತೀರಿಕೊಂಡರು. ಕಥೆ ಇಷ್ಟೇ. ಚಾಳಿನಲ್ಲಿರುವ ಗುರುಬಾಯಿಯ ಗಂಡ ಕೆಲಸ ಹುಡುಕಿಕೊಂಡು ಹೋದವನು ಮರಳುವುದಿಲ್ಲ. ಏಳು ವರ್ಷ ಆಕೆ ಹೊಸ್ತಿಲ ಮೇಲೆ ಕೂತು ದಾರಿ ಕಾಯುತ್ತಾಳೆ. ಕೊನೆಯ ಪುಟದಲ್ಲಿ ಒಂದು ಬೆಳಗ್ಗೆ ಎದ್ದು, ಹೊಸ್ತಿಲು ತೊಳೆದು, ತನ್ನನ್ನು ಮೊದಲಿನಿಂದ ಬಲ್ಲ ಒಬ್ಬ ನೇಕಾರನ ಜೊತೆ ಉಡಿಕಿ ಮಾಡಿಕೊಳ್ಳಲು ಹೊರಟುಬಿಡುತ್ತಾಳೆ. ಗಂಡ ಸತ್ತ ಅಥವಾ ಬಿಟ್ಟುಹೋದ ಹೆಂಗಸು ಮಾಡಿಕೊಳ್ಳುವ ಎರಡನೇ ಮದುವೆಗೆ ನಮ್ಮ ಕಡೆ ಉಡಿಕಿ ಎನ್ನುತ್ತಾರೆ. ಆ ಕೊನೆ ಅರ್ಧ ಪುಟವೂ ಇಲ್ಲ. ಅಂಥ ಅರ್ಧ ಪುಟ ಬರೆಯಲು ಎದೆ ಬೇಕು.

ಐವತ್ತು ವರ್ಷದ ಹಿಂದೆ ಇದನ್ನು ಸಿನಿಮಾ ಮಾಡಿದವರಿಗೆ ಆ ಎದೆ ಇರಲಿಲ್ಲ. ಕೊನೆಯಲ್ಲಿ ಗಂಡನನ್ನು ವಾಪಸು ಕರೆತಂದರು. ತಲೆಗೆ ಪಟ್ಟಿ ಕಟ್ಟಿಕೊಂಡು ಬರುತ್ತಾನೆ, ಇಷ್ಟು ದಿನ ನೆನಪು ಹೋಗಿತ್ತಂತೆ. ಗುರುಬಾಯಿ ಅವನ ಕಾಲು ತೊಳೆದು, ಅವನಿಗೆಂದೇ ಮಾಡಿಸಿಟ್ಟಿದ್ದ ಹೊಸ ಚಪ್ಪಲಿ ಮೆಟ್ಟಿಸುತ್ತಾಳೆ. ಮಾಟುಂಗದ ಚಿತ್ರಮಂದಿರದಲ್ಲಿ ಆ ದೃಶ್ಯ ಬಂದಾಗ ಎಲ್ಲರೂ ಕಣ್ಣು ಒರೆಸಿಕೊಂಡರು. ನನಗೆ ಮೈ ಉರಿದುಹೋಯಿತು. ಅಂದಿನಿಂದ ನನ್ನದು ಒಂದೇ ಜಪ: ಈ ಕಾದಂಬರಿ ಮತ್ತೆ ಸಿನಿಮಾ ಆಗಬೇಕು, ಬರೆದವರು ಬರೆದ ಹಾಗೆಯೇ ಆಗಬೇಕು.

ಹೋದ ಆಷಾಢದಲ್ಲಿ ಸೋನಾಲಿ ಬಂದಳು. ಮಲಾಡಿನಲ್ಲಿ ಸಿನಿಮಾ, ಸೀರಿಯಲ್ ಮಾಡುವ ಕಂಪನಿಯೊಂದರಲ್ಲಿ ಕಥೆ ಹುಡುಕುವ ಕೆಲಸ ಆಕೆಯದು. ಅಜ್ಜ ಆಳಂದದ ಕಡೆಯವರು. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಭಾಂಡುಪಿನ ನನ್ನ ಮನೆಯ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತು, “ಸರ್, ಪುರಾನಿ ಪಿಚ್ಚರ್ ನೋಡಿದೆ. ಏಕದಮ್ ಬಕ್ವಾಸ್ ಅದ,” ಎಂದಳು. ನನಗೆ ಆಗಲೇ ಮಗಳ ಹಾಗೆ ಕಂಡಳು.

ಹತ್ತು ದಿನ ಅವಳಿಗೆ ಪುಸ್ತಕ ಓದಿ ಹೇಳಿದೆ. ಕೊನೆಯ ಅರ್ಧ ಪುಟ ಮುಗಿದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು, ಇನ್ನೊಮ್ಮೆ ಓದಿ ಎಂದಳು. “ಒಂದಕ್ಷರ ಬದಲು ಮಾಡಬಾರದು ನೋಡವ್ವಾ,” ಎಂದೆ. “ಪ್ರಾಮಿಸ್ ಸರ್,” ಎಂದಳು. ಎಪ್ಪತ್ತೊಂದನೇ ವಯಸ್ಸಿನಲ್ಲಿ ನಾನು ಅಂದು ಪಕ್ಕದ ಅಂಗಡಿಯಿಂದ ಪೇಢೆ ತಂದು ಹಂಚಿದೆ.

ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. ಇಂಥ ಹಳೆಯ ಪುಸ್ತಕವನ್ನು ಯಾರು ನೋಡುತ್ತಾರೆ ಎಂದು ಅವಳ ಮೇಲಿನವರು ಅನುಮಾನ ಪಡುತ್ತಿದ್ದರಂತೆ. ಈ ಕಥೆಯನ್ನು ನೆನಪಿಟ್ಟುಕೊಂಡ ಸಾಮಾನ್ಯ ಜನ ಯಾರಾದರೂ ಇದ್ದಾರೆಯೇ? ನನ್ನ ಬಾಯಿ ಸುಮ್ಮನಿರಬೇಕಲ್ಲ. “ಇದನ್ನ ನಾನು ಧಾರಾವಿಯೊಳಗ ಪುರಾಣ ಹಚ್ಚಿ ಓದೇನಿ, ಒಂದು ಶ್ರಾವಣ ಪೂರ್ತಿ,” ಎಂದುಬಿಟ್ಟೆ. ಹೇಳಿದ ಮೇಲೆ ಆ ಶ್ರಾವಣದ ಕೊನೆಯ ದಿನ ನೆನಪಾಯಿತು. ಅಲ್ಲಿಯವರೆಗೆ ಮರೆತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ತನ್ನ ತಪ್ಪನ್ನು ಮನುಷ್ಯ ಎಷ್ಟು ಚೆನ್ನಾಗಿ ಮರೆಯುತ್ತಾನೆ ಎಂಬುದು ನನಗೂ ಅಂದೇ ಗೊತ್ತಾಯಿತು.

ಅದು ತೊಂಬತ್ತೊಂದನೇ ಇಸವಿ. ಶ್ರಾವಣದಲ್ಲಿ ಪುರಾಣ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಊರು ಬಿಟ್ಟು ಬಂದವರು ಆ ಪದ್ಧತಿಯನ್ನೂ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದರು. ದಿನಾ ಸಂಜೆ ಚಾಳಿನ ಅಂಗಳದಲ್ಲಿ ಮಣೆಯ ಮೇಲೆ ಪುಸ್ತಕ ಇಟ್ಟು, ಹೂ ಏರಿಸಿ, ಒಬ್ಬರು ಓದುವುದು, ಉಳಿದವರು ಕೇಳುವುದು. ತಿಂಗಳು ಮುಗಿದಾಗ ಮಂಗಲ. ಅಂದು ಹೋಳಿಗೆಯ ಊಟ, ಹೆಂಗಸರಿಗೆ ಉಡಿ ತುಂಬುವುದು. ಪುರಾಣ ಯಾವುದೇ ಇರಲಿ, ಮಂಗಲದ ದಿನದ ಓದು ಶುಭದಲ್ಲೇ ಮುಗಿಯಬೇಕು. ಸಾವಿನ ಮೇಲೆ, ಅಗಲಿಕೆಯ ಮೇಲೆ ಪುಸ್ತಕ ಮುಚ್ಚಿದರೆ ಕೇಳಿದವರ ಮನೆಗೆ ಅದು ತಟ್ಟುತ್ತದೆ ಎಂದು ನಂಬಿಕೆ.

ಆ ವರ್ಷ ಊರಿನಿಂದ ಬರಬೇಕಿದ್ದ ಪುರಾಣಿಕರು ಬರಲಿಲ್ಲ. ನೀವೇ ಓದಿ ಎಂದು ನನ್ನನ್ನು ಹಿಡಿದರು. ಏನು ಓದಲಿ ಎಂದು ಯೋಚಿಸುತ್ತಿದ್ದಾಗ ಅಣವೀರಪ್ಪ ಈ ಕಾದಂಬರಿ ತಂದು ಕೊಟ್ಟ. ಅವನು ಅಥಣಿಯವನು, ಚಾಳಿನ ಹಿಂದಿನ ಓಣಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಹೆಂಡತಿ ಸತ್ತಿದ್ದಳು. ಏಳನೇ ಇಯತ್ತೆ ಕಲಿತವನು, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ. “ಮಾಸ್ತರ, ಈ ಸಲ ಇದನ್ನ ಓದ್ರಿ. ನಮ್ಮಂಥವರದ ಕತಿ ಐತಿ,” ಎಂದ. ನನಗೂ ಆ ಪುಸ್ತಕ ಪ್ರಾಣವಾಗಿತ್ತು, ಒಪ್ಪಿದೆ.

ಒಂದು ತಿಂಗಳು ಚಾಳಿಗೆ ಚಾಳೇ ಗುರುಬಾಯಿಯ ಜೊತೆ ಕಾಯಿತು. ಮಂಗಲದ ಹಿಂದಿನ ದಿನ ಹಿರಿಯಳಾದ ನಾಗವ್ವ ನನ್ನ ದಾರಿಗೆ ಅಡ್ಡ ನಿಂತು, “ಮಾಸ್ತರ, ನಾಳಿಗಿ ಆಕಿ ಗಂಡನ್ನ ಕರಕೊಂಡ ಬರ್ರಿ. ಐವತ್ತು ಮಂದಿಗೆ ಬ್ಯಾಳಿ ನೆನಿ ಹಾಕೇವಿ,” ಎಂದಳು. ಮರುದಿನ ಕೊನೆಯ ಪುಟಕ್ಕೆ ಬಂದೆ. ಎದುರಿಗೆ ಹಸಿರು ಬಳೆ ತೊಟ್ಟು ಕೂತ ಹೆಂಗಸರು, ಹಿಂದೆ ಅವರ ಗಂಡಂದಿರು. ಮಾಸ್ತರನಾದವನು ಇವರ ಮುಂದೆ ಒಬ್ಬಳು ಗಂಡನ ದಾರಿ ಕಾಯುವುದನ್ನು ಬಿಟ್ಟು ಇನ್ನೊಬ್ಬನ ಜೊತೆ ಹೋದಳೆಂದು ಓದಬೇಕು. ಕಣ್ಣು ಪುಟದ ಮೇಲಿತ್ತು, ಬಾಯಿ ಮಾತ್ರ ಮಾಟುಂಗದಲ್ಲಿ ನೋಡಿದ ಸಿನಿಮಾದ ಕೊನೆಯನ್ನು ಹೇಳತೊಡಗಿತು. ತಲೆಗೆ ಪಟ್ಟಿ ಕಟ್ಟಿದ ಗಂಡ ಬಂದ, ಗುರುಬಾಯಿ ಕಾಲು ತೊಳೆದಳು, ಹೊಸ ಚಪ್ಪಲಿ ಮೆಟ್ಟಿಸಿದಳು. ಹೆಂಗಸರು ಅತ್ತರು, ನಕ್ಕರು, ನನಗೆ ಶಾಲು ಹೊದಿಸಿದರು. ಸುಳ್ಳು ಯಾಕೆ, ಆ ಶಾಲು ನನಗೆ ಬಹಳ ಹಿತವಾಗಿತ್ತು.

ಪುಸ್ತಕ ವಾಪಸು ಕೊಡಲು ಹೋದಾಗ ಅಣವೀರಪ್ಪ ತೆಗೆದುಕೊಳ್ಳಲಿಲ್ಲ. “ನಿಮ್ಮ ಹತ್ರಾನ ಇರ್ಲಿ ಬಿಡ್ರಿ,” ಎಂದು ಹೊಲಿಗೆಗೆ ಕೈ ಹಾಕಿದ. ಅದೇ ಪ್ರತಿ ಇಂದಿಗೂ ನನ್ನ ಬಳಿ ಇದೆ.

ಸೋನಾಲಿಗೆ ಇದ್ಯಾವುದನ್ನೂ ನಾನು ಹೇಳಲಿಲ್ಲ. ಅಂದು ಕೇಳಿದವರಲ್ಲಿ ಈಗ ಧಾರಾವಿಯಲ್ಲಿ ಉಳಿದವಳು ಮಲ್ಲಕ್ಕ ಒಬ್ಬಳೇ. ಮೂವತ್ತಮೂರು ವರ್ಷದ ಹಿಂದಿನ ಮಾತು, ಆಕೆಗೆ ಎಲ್ಲಿ ನೆನಪಿರುತ್ತದೆ ಎಂದುಕೊಂಡು ಕರೆದುಕೊಂಡು ಹೋದೆ.

ಸಾಯನ್‌ನಲ್ಲಿ ಲೋಕಲ್ ಇಳಿದು ನಡೆದೆವು. ಮಲ್ಲಕ್ಕನ ಖೋಲಿಯ ಬಾಗಿಲು ಎಂದಿನಂತೆ ತೆರೆದಿತ್ತು. ಅದು ಹಗಲಲ್ಲಿ ಯಾವತ್ತೂ ತೆರೆದೇ ಇರುತ್ತದೆ, ಜೋರು ಮಳೆಯಿದ್ದರೂ. ಆಕೆ ನೆಲದ ಮೇಲೆ ಕೂತು ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಅರವತ್ತು ದಾಟಿದ್ದರೂ ಕೈ ತುಂಬ ಹಸಿರು ಬಳೆ. ಗಂಡ ಯಲ್ಲಾಲಿಂಗ ಎಂಬತ್ತೇಳರಲ್ಲಿ ಸುರತ್ತಿಗೆ ಕೆಲಸಕ್ಕೆಂದು ಹೋದವನು, ಒಂದು ಕಾಗದವನ್ನೂ ಹಾಕಿರಲಿಲ್ಲ.

ಸೋನಾಲಿ ಮೊಬೈಲ್ ಹಿಡಿದು, “ಮೌಸಿ, ಗುರುಬಾಯಿ ಸ್ಟೋರಿ ಯಾದ್ ಅದ ಏನು?” ಎಂದಳು. ಮಲ್ಲಕ್ಕನ ಮುಖ ಅರಳಿಬಿಟ್ಟಿತು. ಮೊದಲ ಅಧ್ಯಾಯದಿಂದ ಹಿಡಿದು ಒಂದು ಹೆಸರು ತಪ್ಪದಂತೆ ಹೇಳಿದಳು. ಕೊನೆಗೆ ಬಂದಾಗ ಸೆರಗು ಸರಿ ಮಾಡಿಕೊಂಡಳು. “ಆಮ್ಯಾಲ ಒಂದಿನ ಆಕಿ ಗಂಡ ಬಂದ್ನವ್ವಾ. ತಲಿಗಿ ಪಟ್ಟಿ ಕಟ್ಟಿತ್ತು. ಆಕಿ ಕಾಲು ತೊಳದು ಹೊಸಾ ಚಪ್ಲಿ ಮೆಟ್ಟಿಸಿದ್ಲು. ಮಾಸ್ತರ ಓದೂಮುಂದ ನನಗ ಕಣ್ಣಾಗ ಕಂಡಂಗ ಆತು.”

ಸೋನಾಲಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ಅಟ್ಟದ ಕೆಳಗೆ, ಒಂದು ಉದ್ದನೆಯ ಬಿದಿರು ಗಳುವಿಗೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಗಂಡಸರ ಚಪ್ಪಲಿಗಳು ಸಾಲಾಗಿ ತೂಗುತ್ತಿದ್ದವು. ಇವೇನು ಎಂದು ಸೋನಾಲಿ ಕೇಳಿದಳು.

“ಗುರುಬಾಯಿ ಮಾಡಿಸಿಟ್ಟಿದ್ದಿಲ್ಲೇನು, ಹಂಗ ನಾನೂ ಮಾಡಿಸಿಟ್ಟೇನಿ. ವರ್ಷಾ ದೀಪಾವಳಿಗಿ ಒಂದು ಜೋಡ. ಅಣವೀರಪ್ಪ ಹೊಲದು ಕೊಡ್ತಿದ್ದ. ಅಳತಿ ಎಷ್ಟು ಅಂತ ಕೇಳಿದ. ನಮ್ಮವರ ಕಾಲೂ ನಿಮ್ಮಷ್ಟ ಅದಾವ್ರಿ, ನಿಮ್ಮ ಕಾಲಿನ ಅಳತಿಗೇ ಮಾಡ್ರಿ ಅಂದೆ. ತಾನೇ ತಂದು ತಾನೇ ಮ್ಯಾಲ ಕಟ್ಟಿ ಹೋಗ್ತಿದ್ದ. ಕೊರೋನಾದಾಗ ಅಂವ ಹೋದ, ಚಪ್ಲಿ ಅಲ್ಲಿಗಿ ನಿಂತ್ವು. ಇಪ್ಪತ್ತೊಂಬತ್ತು ಜೋಡ ಅದಾವ.”

ಆಮೇಲೆ ತಾನಾಗಿಯೇ, ಯಾರೂ ಕೇಳದಿದ್ದರೂ, ನಗುತ್ತಾ ಹೇಳಿದಳು. “ಈಗ ಹೇಳಿದ್ರ ಏನಾಗ್ತದ. ಆ ವರ್ಷ ಶ್ರಾವಣಕ್ಕಿಂತ ಮೊದ್ಲ ಅಂವ ನಾಗವ್ವನ ಕೈಲೆ ಮಾತು ಕಳಿಸಿದ್ದ, ಉಡಿಕಿ ಮಾಡ್ಕೋತೀನಿ ಅಂತ. ಮನಷ್ಯಾ ಒಳ್ಳೆಯಂವ. ನನಗೂ ಮನಸಿತ್ತು. ಏನು ಮಾಡ್ಲಿ ತಿಳೀಲಿಲ್ಲ. ಪುರಾಣ ಹಚ್ಚ್ಯಾರ, ಮುಗೀಲಿ, ಗುರುಬಾಯಿ ಏನು ಮಾಡ್ತಾಳ ನೋಡಿ ಹೇಳ್ತೀನಿ ಅಂದೆ.”

“ಫಿರ್?” ಎಂದಳು ಸೋನಾಲಿ.

“ಫಿರ್ ಏನವ್ವಾ, ಗುರುಬಾಯಿ ಗಂಡ ಬಂದ. ಮತ್ತ ನಾ ಹೆಂಗ ಹೋಗ್ಲಿ? ದೇವರ ಮಾಸ್ತರ ಬಾಯಿಲೆ ಹೇಳಿಸಿದ ಅಂತ ತಿಳಕೊಂಡೆ.”

ಆಕೆ ನನಗೆ ಕೈ ಮುಗಿದಳು. ನಾನೂ ತಿರುಗಿ ಕೈ ಮುಗಿದೆ. ಅದಕ್ಕಿಂತ ನೀಚ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ. ಹೊರಗೆ ಬಂದ ಮೇಲೆ ಸೋನಾಲಿ, “ಸರ್, ಬುಕ್‌ನಾಗ ಹಂಗ ಇಲ್ಲಲ್ಲ?” ಎಂದಾಗ, “ಹಳೇ ಸಿನಿಮಾ ನೋಡಿರಬೇಕು,” ಎಂದುಬಿಟ್ಟೆ.

ವಾಪಸು ಬರುವಾಗ ಲೋಕಲಿನ ಬಾಗಿಲಲ್ಲಿ ನಿಂತಿದ್ದೆ. ಅಣವೀರಪ್ಪ ಆ ಪುಸ್ತಕವನ್ನೇ ಯಾಕೆ ತಂದುಕೊಟ್ಟನೆಂದು ಅಲ್ಲಿ ಹೊಳೆಯಿತು. ತಾನು ಹೇಳಲಾರದ್ದನ್ನು ಗುರುಬಾಯಿಯ ಕೈಲಿ ಹೇಳಿಸಬೇಕೆಂದುಕೊಂಡಿದ್ದ. ಒಂದು ತಿಂಗಳು ದಿನಾ ಬಂದು ಹಿಂದಿನ ಸಾಲಿನಲ್ಲಿ ಕೂತು ಆ ಒಂದು ಪುಟಕ್ಕಾಗಿ ಕಾದಿದ್ದ. ಅವನ ಕಣ್ಣೆದುರಿಗೇ ನಾನು ಅವನ ಬಾಳನ್ನು ಮುಚ್ಚಿ, ಶಾಲು ಹೊದ್ದುಕೊಂಡು ಬಂದೆ. ಆಮೇಲೆ ಇಪ್ಪತ್ತೊಂಬತ್ತು ವರ್ಷ ಅವನು ಬಾರದ ಗಂಡನಿಗಾಗಿ ತನ್ನ ಕಾಲಿನ ಅಳತೆಯ ಚಪ್ಪಲಿ ಹೊಲಿದ.

ಎಂಟು ದಿನದ ನಂತರ ಸೋನಾಲಿಯ ಫೋನು ಬಂತು. ಧ್ವನಿಯಲ್ಲಿ ಖುಷಿಯೂ ಇತ್ತು, ಅಳುಕೂ ಇತ್ತು. ಮಲ್ಲಕ್ಕನ ವಿಡಿಯೋ ನೋಡಿ ಅವಳ ಮೇಲಿನವರು ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಸಿನಿಮಾ ಮಾಡೋಣ, ಆದರೆ ಕೊನೆ ಮಾತ್ರ ಆ ಮುದುಕಿ ಹೇಳಿದ್ದೇ ಇರಲಿ ಎಂದರಂತೆ. “ಸಾರಿ ಸರ್. ಬುಕ್‌ದು ಎಂಡಿಂಗ್ ಭಾಳ ಡಾರ್ಕ್ ಅದ ಅಂತಾರ. ಮೌಸೀದು ಪಬ್ಲಿಕ್ ಕಾ ಎಂಡಿಂಗ್ ಅಂತ. ನೀವು ಒಂದು ಚಿಟ್ಠಿ ಬರದು ಕೊಡ್ರಿ, ಜನರ ಬಾಯಾಗ ಈ ಕಥಿ ಹಿಂಗೇ ಇತ್ತು ಅಂತ. ನಿಮಗೆ ಒಪ್ಪಿಗಿ ಇಲ್ಲಂದ್ರ ನಾ ಅವ್ರ ಜೋಡಿ ಜಗಳ ಮಾಡ್ತೀನಿ.”

ಎರಡು ದಿನ ಕೊಡು ಎಂದೆ. ಮೂವತ್ತು ವರ್ಷ ಯಾವ ಕೊನೆಯನ್ನು ಬೈದುಕೊಂಡು ಓಡಾಡಿದೆನೋ ಅದಕ್ಕೇ ಈಗ ನನ್ನ ಸಹಿ ಬೇಕಾಗಿತ್ತು. ಜಗಳ ಮಾಡು ಎಂದು ಸೋನಾಲಿಗೆ ಹೇಳಿದರೆ ಪುಸ್ತಕದ ನಿಜವಾದ ಕೊನೆ ಪರದೆಯ ಮೇಲೆ ಬರುತ್ತದೆ, ಮಲ್ಲಕ್ಕ ಅದನ್ನು ಯಾರದೋ ಮೊಬೈಲಿನಲ್ಲಿ ನೋಡುತ್ತಾಳೆ. ಸುಮ್ಮನೆ ಸಹಿ ಹಾಕಿದರೆ ಆಕೆ ನಂಬಿದ್ದನ್ನೇ ನಂಬಿಕೊಂಡು ನೆಮ್ಮದಿಯಿಂದ ಸಾಯುತ್ತಾಳೆ. ಬುದ್ಧಿಯಿದ್ದವನು ಸುಮ್ಮನಿರುತ್ತಿದ್ದ. ನನ್ನಿಂದ ಆಗಲಿಲ್ಲ. ಮೂರನೇ ದಿನ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಧಾರಾವಿಗೆ ಹೋದೆ.

ಮಧ್ಯಾಹ್ನವಾಗಿತ್ತು. ಬಾಗಿಲು ತೆರೆದಿತ್ತು. ಮಲ್ಲಕ್ಕ ನೀಲಿ ಮುಚ್ಚಳಗಳನ್ನು ಒಂದು ಬುಟ್ಟಿಗೆ ಹಾಕುತ್ತಿದ್ದಳು. ಚಹಾ ಮಾಡಲು ಎದ್ದವಳನ್ನು ಕೂರಿಸಿದೆ. ಸುತ್ತಿ ಬಳಸಿ ಹೇಳಲು ನನಗೆ ಧೈರ್ಯವಿರಲಿಲ್ಲ, ಒಂದೇ ಉಸಿರಿನಲ್ಲಿ ಹೇಳಿದೆ. ಪುಸ್ತಕದಲ್ಲಿ ಗುರುಬಾಯಿಯ ಗಂಡ ಬರುವುದಿಲ್ಲ. ಮಂಗಲದ ದಿನ ನಾನು ಓದಿದ್ದು ಪುಸ್ತಕದಲ್ಲಿ ಇರಲಿಲ್ಲ.

ಆಕೆಗೆ ಸಿಟ್ಟು ಬರುತ್ತದೆಂದು ಕಾದೆ. ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಳು, ಆಗ ಪುರಾಣಕ್ಕೆ ಕೂಡುತ್ತಿದ್ದ ಹಾಗೆ. “ಓದ್ರಿ,” ಎಂದಳು.

ಓದಿದೆ.

‘ಏಳನೆಯ ವರ್ಷದ ಮೊದಲ ಮಳೆ ನಿಂತ ಬೆಳಗ್ಗೆ ಗುರುಬಾಯಿ ಹೊಸ್ತಿಲನ್ನು ತೊಳೆದಳು. ಅರಿಷಿಣ ಹಚ್ಚಲಿಲ್ಲ. ನೇಕಾರನು ಓಣಿಯ ತಿರುವಿನಲ್ಲಿ ನಿಂತಿದ್ದನು, ಕರೆಯಲು ಬಂದಿರಲಿಲ್ಲ. ಅವಳು ಗಂಟನ್ನು ಎತ್ತಿಕೊಂಡು, ಬಾಗಿಲನ್ನು ಎಳೆದು, ಕೀಲಿಯನ್ನು ನೆರೆಯವಳ ಕೈಯಲ್ಲಿಟ್ಟಳು. ಅವರು ಬಂದರೆ ಏನು ಹೇಳಲಿ ಎಂದು ನೆರೆಯವಳು ಕೇಳಿದಳು. ಏಳು ವರ್ಷ ಇದ್ದಳು ಎಂದು ಹೇಳು, ಎಂದಳು ಗುರುಬಾಯಿ.’

“ಮುಗೀತೇನ್ರಿ?”

“ಮುಗೀತು.”

“ಇಷ್ಟನ?”

ಪುಸ್ತಕ ಇಸಿದುಕೊಂಡಳು. ಓದಲು ಬಾರದ ಆಕೆ ಅಕ್ಷರಗಳ ಮೇಲೆ ಬೆರಳಿಟ್ಟು, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಅಳೆದಳು. ನಾಲ್ಕು ಬೆರಳು ಆಯಿತು. ಹಾಳೆ ತಿರುವಿದಳು, ಆಚೆ ಬರೀ ರಟ್ಟು ಇತ್ತು.

“ಇಷ್ಟು ಓದಾಕ ನಿಮಗೇನು ತ್ರಾಸ ಇತ್ರಿ, ಮಾಸ್ತರ?”

ಬೇಳೆ ನೆನೆಹಾಕಿದ್ದರು ಎನ್ನಲೇ? ಶಾಲು ತಂದಿಟ್ಟಿದ್ದರು ಎನ್ನಲೇ?

“ಅಂವಗ ಇದು ಗೊತ್ತಿತ್ತೇನ್ರಿ?”

“ಗೊತ್ತಿತ್ತು ಮಲ್ಲಕ್ಕ. ಪುಸ್ತಕ ಅವನದ.”

“ಮಂಗಲದ ದಿನ ಹೋಳಿಗಿ ಉಣ್ಣಲಿಲ್ಲ ಅಂವ. ಹೊಟ್ಟಿ ನೋಯ್ತೈತಿ ಅಂದು ಎದ್ದು ಹೋದ. ಮರುದಿನ ನಾನ ಅವನ ಅಂಗಡಿಗೆ ಹೋಗಿ ಹೇಳಿದೆ, ಗುರುಬಾಯಿ ಗಂಡ ಬಂದ ನೋಡ್ರಿ, ನಮ್ಮವರೂ ಬರ್ತಾರ ಅಂತ.” ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡಳು. “ಹೌದು ಅಂದ್ನರಿ. ಬರ್ತಾರ, ಹೌದು ಅಂದ.”

ಮಂಗಲವಾದ ಪುರಾಣವನ್ನು ಸುಳ್ಳು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮಾಸ್ತರ ಸುಳ್ಳುಗಾರ ಎನ್ನಲೂ ಬರಲಿಲ್ಲ. ಅವನು ನನ್ನ ಮರ್ಯಾದೆ ಕಾದ. ಈ ಮಾತನ್ನು ಆಕೆಯ ಮುಂದೆ ಹೇಳಿದೆ. ಆಮೇಲೆ ಏನಾದರೂ ಸರಿಪಡಿಸಬಹುದೇನೋ ಎಂಬ ಹುಚ್ಚು ಆಸೆಯಿಂದ, ಸಿನಿಮಾದಲ್ಲಿ ಪುಸ್ತಕದ ನಿಜವಾದ ಕೊನೆಯನ್ನೇ ಹಾಕಿಸುತ್ತೇನೆ, ಜಗಳವಾಡಿಯಾದರೂ ಹಾಕಿಸುತ್ತೇನೆ ಎಂದೆ.

“ಬ್ಯಾಡ್ರಿ,” ಎಂದಳು. “ಆಕಿ ಹೊಸ್ತಿಲಾ ದಾಟಿ ಹೋಗೂದನ್ನ ನಾ ನೋಡ್ಲಾರೆ. ಗಂಡ ಬರೂದನ್ನ ಇಡ್ರಿ. ಪಿಚ್ಚರದಾಗರ ಒಬ್ಬಂವ ಬರ್ಲಿ.”

ಹಾಗೇ ಬರೆದು ಕೊಡುತ್ತೇನೆ ಎಂದೆ.

“ಹೇಳಿದ್ರಲ್ಲ, ಈಗ ನಿಮ್ಮ ಎದಿ ಹಗುರಾತೇನ್ರಿ?”

ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದಳು. ಹಗುರವಾಗಲೆಂದೇ ಬಂದಿದ್ದೆ, ಆಕೆಯ ತಲೆಯ ಮೇಲೆ ಹೊರಿಸಿದ್ದೆ.

“ಹೋಗೂಮುಂದ ಆ ಚಪ್ಲಿ ಇಳಿಸಿ ಕೊಡ್ರಿ. ನನಗ ಕೈ ಎಟಕೂದಿಲ್ಲ. ಅಂವನ ಕಟ್ಟಿ ಹೋಗ್ತಿದ್ದ.”

ಡಬ್ಬಿಯೊಂದರ ಮೇಲೆ ನಿಂತು ಒಂದೊಂದೇ ಜೋಡಿ ಬಿಚ್ಚಿ ಕೊಟ್ಟೆ. ಗಂಟುಗಳು ಬಿಗಿಯಾಗಿದ್ದವು. ಆಕೆ ಚೀಲ ತೆಗೆದು, ಸೆರಗಿನಿಂದ ಧೂಳು ಒರೆಸಿ, ನೆಲದ ಮೇಲೆ ಜೋಡಿಸಿದಳು. ಹಳೆಯವು ಬಿರಿದು ಗಟ್ಟಿಯಾಗಿದ್ದವು. ಒಂದರಲ್ಲೂ ಯಾರೂ ಕಾಲಿಟ್ಟಿರಲಿಲ್ಲ. ಖೋಲಿ ಚಿಕ್ಕದು. ಕೊನೆಯ ಜೋಡಿ ಇಡುವ ಹೊತ್ತಿಗೆ ನನಗೆ ನಿಲ್ಲಲು ಜಾಗ ಉಳಿಯಲಿಲ್ಲ, ಹೊಸ್ತಿಲು ದಾಟಿ ಹೊರಗೆ ಬಂದೆ.

ಪುಸ್ತಕ ಒಳಗೇ ಇತ್ತು. ಕೇಳಲಿಲ್ಲ. ಮಲ್ಲಕ್ಕ ಎದ್ದು ಬಂದು ಬಾಗಿಲು ಮುಂದೆ ತಳ್ಳಿದಳು. ಹಗಲಲ್ಲಿ ಎಂದೂ ಮುಚ್ಚದ ಬಾಗಿಲು, ಮಳೆಗೆ ಉಬ್ಬಿ ನೆಲಕ್ಕೆ ತಾಗಿ ನಿಂತಿತು, ಎರಡೂ ಕೈಯಿಂದ ಎತ್ತಿ ಹಾಕಿದಳು. ಎದುರಿನ ಖೋಲಿಯಲ್ಲಿ ತೊಗಲಿನ ಚೀಲ ಹೊಲಿಯುತ್ತಿದ್ದ ಮಜೀದ ಮಷೀನು ನಿಲ್ಲಿಸಿ ಹೊರಗೆ ಬಂದ. “ಏನಾತ್ರಿ ಸರ್? ಮಲ್ಲಕ್ಕನ ಯಜಮಾನ್ರ ಸುದ್ದಿ ಏನರ ಬಂತೇನು?” ಎಂದ.

“ಬಂತು,” ಎಂದೆ.